ಆ ಸ್ಲಾಟ್ ಖಾಲಿಯೇ ಇರಲಿ

ಬೆಂಗಳೂರಿನ ಎಸ್.ಪಿ. ರೋಡ್, ದಿಲ್ಲಿಯ ನೆಹರೂ ಪ್ಲೇಸ್, ಚೆನ್ನೈನ ರಿಚಿ ಸ್ಟ್ರೀಟ್, ಎಂಜಿನಿಯರಿಂಗ್ ಕಾಲೇಜುಗಳ ಹಾಸ್ಟೆಲ್ ರೂಮು, ಯೂಟ್ಯೂಬ್ ವಿಡಿಯೊ. ಎಲ್ಲಿ ಕಿವಿಗೊಟ್ಟರೂ ಒಂದೇ ಮಾತು: ಗೇಮ್ ಆಡಬೇಕಾದರೆ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು. ಬಜೆಟ್ ಕಮ್ಮಿಯೇ? ಹಾಗಾದರೆ ಕಮ್ಮಿಯದನ್ನೇ ಹಾಕಿಸಿ, ಆದರೆ ಹಾಕಿಸಿ. ‘ಸಾರ್, ಟೂ ಜಿಬಿ ಕಾರ್ಡಾದ್ರೂ ಇರ್ಲಿ, ಆಮೇಲೆ ಹುಡುಗ ಬೇಜಾರ್ ಮಾಡ್ಕೋತಾನೆ’ ಎಂದು ಅಂಗಡಿಯವ ಹೇಳಿದರೆ, ಪಿಯುಸಿ ಮುಗಿಸಿದ ಮಗನನ್ನು ಕರೆತಂದ ಅಪ್ಪ ಮರುಮಾತಾಡದೆ ತಲೆಯಾಡಿಸುತ್ತಾನೆ. ಕೊಟೇಶನ್ ಹಾಳೆಯಲ್ಲಿ ಇನ್ನೊಂದು ಸಾಲು ಸೇರುತ್ತದೆ. ಆ ಸಾಲಿಗೆ ದುಡ್ಡು ಹೊಂದಿಸಲು ಮೇಲಿನ ಎರಡು ಸಾಲು ಸದ್ದಿಲ್ಲದೆ ಇಳಿಯುತ್ತವೆ.

ಆನ್‌ಲೈನ್‌ನಲ್ಲಿ ಇದೇ ನಂಬಿಕೆ ಇನ್ನಷ್ಟು ಬಣ್ಣ ಬಳಿದುಕೊಂಡು ಕೂತಿದೆ. ‘ಗೇಮಿಂಗ್ ಪಿಸಿ, ಕೋರ್ ಐ7, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್, ಆರ್‌ಜಿಬಿ ಕ್ಯಾಬಿನೆಟ್’ ಎಂಬ ತಲೆಬರಹ, ಗಾಜಿನ ಪಕ್ಕೆಯೊಳಗೆ ಜಗಮಗಿಸುವ ಫ್ಯಾನುಗಳು. ಐ7 ಎಷ್ಟನೇ ಜನರೇಶನ್ನಿನದು, ಕಾರ್ಡಿನ ಹೆಸರೇನು ಎಂಬ ವಿವರ ಕೆಳಗೆಲ್ಲೋ ಸಣ್ಣಕ್ಷರದಲ್ಲಿರುತ್ತದೆ, ಇಲ್ಲವೇ ಇರುವುದೇ ಇಲ್ಲ.

ಈ ನಂಬಿಕೆ ತಪ್ಪು. ‘ಸ್ವಲ್ಪ ಹಳತು’, ‘ಸ್ವಲ್ಪ ಅತಿ’ ಎಂದೆಲ್ಲ ಮೆತ್ತಗೆ ಹೇಳಬೇಕಾಗಿಲ್ಲ. ಕಡಿಮೆ ದುಡ್ಡಿನಲ್ಲಿ ಹಗುರ ಆಟಗಳಿಗಾಗಿ ಜೋಡಿಸುವ ಡೆಸ್ಕ್‌ಟಾಪಿನ ಮಟ್ಟಿಗೆ ಅದು ಪೂರಾ ತಪ್ಪು. ಕೆಟ್ಟ ಕಾರ್ಡಿಗಿಂತ ಕಾರ್ಡೇ ಇಲ್ಲದಿರುವುದು ಮೇಲು. ಆ ದುಡ್ಡು ಒಳ್ಳೆಯ ಗ್ರಾಫಿಕ್ಸ್ ಒಳಗೊಂಡ ಪ್ರೊಸೆಸರಿಗೆ, ಜೋಡಿ ರ‍್ಯಾಮಿಗೆ, ಯಂತ್ರಕ್ಕೆ ಕರೆಂಟು ಹಂಚುವ, ನಂಬಬಹುದಾದ ಎಸ್‌ಎಂಪಿಎಸ್‌ಗೆ ಹೋಗಬೇಕು. ಮದರ್‌ಬೋರ್ಡಿನ ಆ ಉದ್ದನೆಯ ಸ್ಲಾಟ್ ಸದ್ಯಕ್ಕೆ ಖಾಲಿ ಇರಬೇಕು.

ಹಗುರ ಆಟವೆಂದರೆ ಯಾವುದು ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ವ್ಯಾಲರಂಟ್, ಕೌಂಟರ್-ಸ್ಟ್ರೈಕ್ 2, ಮೈನ್‌ಕ್ರಾಫ್ಟ್, 2015ರಲ್ಲಿ ಕಂಪ್ಯೂಟರಿಗೆ ಬಂದು ಇಂದಿಗೂ ಹಳತಾಗದ ಜಿಟಿಎ 5, ಎಮ್ಯುಲೇಟರಿನಲ್ಲಿ ಆಡುವ ಮೊಬೈಲ್ ಆಟಗಳು, ಬಿಟ್ಟೆನೆಂದರೂ ಬಿಡದ 2006ರ ಇಎ ಕ್ರಿಕೆಟ್ 07. ಅದೇ ಯಂತ್ರದಲ್ಲಿ ಕಾಲೇಜಿನ ಅಸೈನ್‌ಮೆಂಟ್, ಪೈಥಾನ್, ಸಂಜೆ ಅಪ್ಪನ ಟ್ಯಾಲಿ. ಸೈಬರ್‌ಪಂಕ್ 2077 ಆಡಲೇಬೇಕೆಂದು ಹಟ ಹಿಡಿದವರಿಗೆ ಈ ಲೇಖನ ಅಲ್ಲ. ಅವರಿಗೆ ಬೇಕಾದ ಬಜೆಟ್ಟೇ ಬೇರೆ.

ಹಾಗಂತ ಈ ನಂಬಿಕೆ ಗಾಳಿಯಿಂದ ಹುಟ್ಟಿದ್ದಲ್ಲ. ಇಪ್ಪತ್ತು ವರ್ಷಗಳ ಹಿಂದೆ ಅದು ನಿಜವೇ ಆಗಿತ್ತು. ಆಗ ‘ಆನ್‌ಬೋರ್ಡ್’ ಗ್ರಾಫಿಕ್ಸ್ ಇರುತ್ತಿದ್ದುದು ಪ್ರೊಸೆಸರಿನಲ್ಲಲ್ಲ, ಮದರ್‌ಬೋರ್ಡಿನ ಚಿಪ್‌ಸೆಟ್ಟಿನಲ್ಲಿ. ಇಂಟೆಲ್ 845ಜಿ ಬೋರ್ಡಿನ ಮೇಲೆ ಹಳೆಯ ಆಟಗಳು ಹೇಗೋ ಕುಂಟುತ್ತ ಓಡುತ್ತಿದ್ದವು. ಪಿಕ್ಸೆಲ್ ಶೇಡರ್ (ಬೆಳಕು-ಬಣ್ಣದ ಲೆಕ್ಕ ಮಾಡುವ ಘಟಕ) ಕೇಳುವ ಹೊಸ ಆಟ ತೆರೆದರೆ ಪರದೆಯ ಮೇಲೆ ಒಂದು ದೋಷದ ಸಂದೇಶ, ಅಷ್ಟೇ. ಆ ಕಾಲದ ಹುಡುಗರು ಈಗ ಅಪ್ಪಂದಿರಾಗಿದ್ದಾರೆ. ಅವರ ತಲೆಯಲ್ಲಿ ‘ಆನ್‌ಬೋರ್ಡ್’ ಎಂಬ ಪದ ಇನ್ನೂ ಬೈಗುಳವಾಗಿಯೇ ಉಳಿದಿದೆ.

ಆದರೆ ಆ ಕಾಲದಲ್ಲೂ ‘ಯಾವುದೋ ಒಂದು ಕಾರ್ಡ್’ ಸಾಕಾಗುತ್ತಿರಲಿಲ್ಲ ಎಂಬುದನ್ನು ಅವರೇ ಮರೆತಿದ್ದಾರೆ. 2002ರಲ್ಲಿ ಬಂದ ಜಿಫೋರ್ಸ್4 ಎಂಎಕ್ಸ್ 440 ಕಾರ್ಡನ್ನು ನೆನಪಿಸಿಕೊಳ್ಳಿ. ಹೆಸರಿನಲ್ಲಿ 4 ಇತ್ತು, ಒಳಗಿದ್ದುದು ಹೆಚ್ಚುಕಡಿಮೆ ಜಿಫೋರ್ಸ್2 ಕಾಲದ ಸರಕು. ಜಿಫೋರ್ಸ್3ರಲ್ಲಿದ್ದ ಶೇಡರ್ ಕೂಡ ಅದರಲ್ಲಿರಲಿಲ್ಲ. 2003ರ ಪ್ರಿನ್ಸ್ ಆಫ್ ಪರ್ಷಿಯಾ: ಸ್ಯಾಂಡ್ಸ್ ಆಫ್ ಟೈಮ್ ಆ ಕಾರ್ಡನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ. ಕಾರ್ಡ್ ಹಾಕಿಸಿಕೊಂಡೂ ಹುಡುಗರು 3ಡಿ ಅನಲೈಜ್ ಎಂಬ ತಂತ್ರಾಂಶ ಹುಡುಕಿ, ಇಲ್ಲದ ಶೇಡರನ್ನು ಇದೆಯೆಂದು ಆಟಕ್ಕೆ ಸುಳ್ಳು ಹೇಳಿಸಿ, ಸೆಕೆಂಡಿಗೆ ಐದಾರು ಫ್ರೇಮಿನಲ್ಲಿ ರಾಜಕುಮಾರನನ್ನು ನಡೆಸಿದರು. ಹೊಸ ಹೆಸರಿನಲ್ಲಿ ಹಳೆಯ ಚಿಪ್ ಮಾರುವ ಚಾಳಿ ಅಂದಿನಿಂದಲೇ ಇದೆ.

ನಡುವೆ ಬದಲಾದದ್ದು ಬಹಳ. 2011ರಲ್ಲಿ ಇಂಟೆಲ್‌ನ ಸ್ಯಾಂಡಿ ಬ್ರಿಜ್, ಎಎಂಡಿಯ ಲಾನೊ ಎರಡೂ ಗ್ರಾಫಿಕ್ಸನ್ನು ಪ್ರೊಸೆಸರಿನ ಚಿಪ್ಪಿನೊಳಕ್ಕೇ ತಂದವು. 2013ರ ನವೆಂಬರಿನಲ್ಲಿ ಬಂದ ಪ್ಲೇಸ್ಟೇಶನ್ 4, ಎಕ್ಸ್‌ಬಾಕ್ಸ್ ಒನ್ ಎರಡರಲ್ಲೂ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಒಂದೇ ಚಿಪ್ಪಿನಲ್ಲಿದ್ದವು. ಅದು ಎಎಂಡಿಯದೇ. ‘ಕಾರ್ಡಿಲ್ಲದೆ ಆಟವಿಲ್ಲ’ ಎಂದು ಆಣೆ ಹಾಕುವವರ ಮನೆಯ ಪ್ಲೇಸ್ಟೇಶನ್ 5ರೊಳಗೂ ಕಳಚಿ ಹಾಕಬಹುದಾದ ಕಾರ್ಡು ಯಾವುದೂ ಇಲ್ಲ. 2018ರ ಫೆಬ್ರವರಿಯಲ್ಲಿ ರೈಜೆನ್ 3 2200ಜಿ ಮತ್ತು ರೈಜೆನ್ 5 2400ಜಿ ಬಂದಾಗಲೇ ಅಗ್ಗದ ಕಾರ್ಡುಗಳ ಕಾಲ ಮುಗಿದಿತ್ತು. 2021ರ ಆಗಸ್ಟಿನಲ್ಲಿ ಅಂಗಡಿಗೆ ಬಂದ ರೈಜೆನ್ 5 5600ಜಿ, ಆರು ಕೋರ್, ಹನ್ನೆರಡು ಥ್ರೆಡ್, ಜೊತೆಗೆ ವೇಗಾ 7 ಗ್ರಾಫಿಕ್ಸ್ ಕೊಟ್ಟು ಉಳಿದ ವಾದವನ್ನೂ ಮುಗಿಸಿತು. ಮುಗಿಸಿತು ಎಂಬುದು ಎಸ್.ಪಿ. ರೋಡಿಗೆ ಇನ್ನೂ ತಲುಪಿಲ್ಲ.

ಈಗ ಆ ‘ಟೂ ಜಿಬಿ ಕಾರ್ಡ್’ ಯಾವುದೆಂದು ಬಿಚ್ಚಿ ನೋಡಬಹುದು. ಬಹುಪಾಲು ಅದು ಎನ್‌ವಿಡಿಯಾದ ಜಿಟಿ 710 ಅಥವಾ ಜಿಟಿ 730. ಇವುಗಳ ವಿನ್ಯಾಸಕ್ಕೆ ಕೆಪ್ಲರ್ ಎಂದು ಹೆಸರು, ಅದು ಹೊರಬಂದದ್ದು 2012ರಲ್ಲಿ. ಜಿಟಿ 730ರ ಒಂದು ಅವತಾರದಲ್ಲಂತೂ ಅದಕ್ಕೂ ಹಿಂದಿನ ಫರ್ಮಿ ಚಿಪ್ ಇದೆ. ಕೆಪ್ಲರ್ ಡೆಸ್ಕ್‌ಟಾಪ್ ಕಾರ್ಡುಗಳಿಗೆ ಹೊಸ ಆಟಗಳಿಗೆಂದು ಬರುವ ಡ್ರೈವರ್‌ಗಳನ್ನು ಎನ್‌ವಿಡಿಯಾ 2021ರ ಅಕ್ಟೋಬರಿನಲ್ಲೇ ನಿಲ್ಲಿಸಿತು. ಭದ್ರತೆಯ ಅಪ್‌ಡೇಟ್‌ಗಳಿಗೂ 2024ರ ಸೆಪ್ಟೆಂಬರ್‌ವರೆಗೆ ಮಾತ್ರ ಗಡುವಿತ್ತು. ತಯಾರಿಸಿದ ಕಂಪನಿಯೇ ಕೈತೊಳೆದುಕೊಂಡ ಚಿಪ್ಪನ್ನು ಪ್ಲಾಸ್ಟಿಕ್ ಹಾಳೆ ಸುತ್ತಿದ ಹೊಸ ಡಬ್ಬಿಯಲ್ಲಿ ‘ಗೇಮಿಂಗ್’ ಹೆಸರಲ್ಲಿ ಕೊಡುವುದಕ್ಕೆ ಏನೆನ್ನಬೇಕೋ!

ಜಿಟಿ 710ರಲ್ಲಿ 192 ಶೇಡರ್ ಘಟಕಗಳು, ವೇಗ 954 ಮೆಗಾಹರ್ಟ್ಸ್. 5600ಜಿ ಪ್ರೊಸೆಸರಿನ ಒಳಗಿನ ಗ್ರಾಫಿಕ್ಸಿನಲ್ಲಿ 448 ಘಟಕ, 1900 ಮೆಗಾಹರ್ಟ್ಸ್. ವಿನ್ಯಾಸ ಬೇರೆಬೇರೆಯಾದ್ದರಿಂದ ಲೆಕ್ಕ ಕರಾರುವಾಕ್ಕಲ್ಲ, ಆದರೂ ಗುಣಿಸಿ ನೋಡಿದರೆ ಅಂತರ ನಾಲ್ಕು ಪಟ್ಟಿಗೂ ಮಿಗಿಲು. ಅಂದರೆ ಕೆಲವು ಅಂಗಡಿಗಳಲ್ಲಿ ನಡೆಯುವಂತೆ 5600ಜಿ ಯಂತ್ರಕ್ಕೇ ಜಿಟಿ 710 ಸಿಕ್ಕಿಸಿ ಮಾನಿಟರಿನ ವೈರನ್ನು ಅದಕ್ಕೆ ಚುಚ್ಚಿದರೆ, ಗಿರಾಕಿ ಹೆಚ್ಚು ದುಡ್ಡು ಕೊಟ್ಟು ತನ್ನ ಯಂತ್ರವನ್ನು ನಿಧಾನ ಮಾಡಿಸಿಕೊಂಡಂತಾಯಿತು.

‘ಆದರೆ ಈ ಜಿಟಿ 730 ಕಾರ್ಡಿನಲ್ಲಿ 4 ಜಿಬಿ ಇದೆಯಲ್ಲ’ ಎಂಬುದು ಮುಂದಿನ ವಾದ. ಎಷ್ಟು ಜಿಬಿ ಎಂಬ ಪ್ರಶ್ನೆಯೇ ಇಲ್ಲಿ ದಾರಿ ತಪ್ಪಿಸುವಂಥದ್ದು. ಡಿಡಿಆರ್3 ಮೆಮೊರಿಯ ಜಿಟಿ 730 ಕಾರ್ಡಿನಲ್ಲಿ, 64 ಬಿಟ್‌ನ ಇಕ್ಕಟ್ಟಿನ ದಾರಿಯಲ್ಲಿ, ಸೆಕೆಂಡಿಗೆ ಸಾಗುವ ಮಾಹಿತಿ 14.4 ಜಿಬಿ. ಸೆಕೆಂಡಿಗೆ 60 ಫ್ರೇಮ್ ಬೇಕೆಂದರೆ ಒಂದು ಫ್ರೇಮಿನ ಪಾಲಿಗೆ ಬರುವುದು ಸುಮಾರು 240 ಎಂಬಿ. ಉಳಿದ ಮೂರೂಮುಕ್ಕಾಲು ಜಿಬಿಯನ್ನು ಆ ಕ್ಷಣದಲ್ಲಿ ಮುಟ್ಟುವುದಕ್ಕೂ ಕಾರ್ಡಿಗೆ ಪುರುಸೊತ್ತಿಲ್ಲ. ಸಂಪು ಹತ್ತು ಸಾವಿರ ಲೀಟರಿನದಾದರೇನು, ಮೇಲಕ್ಕೆ ಹೋಗುವ ಪೈಪು ಅರ್ಧ ಇಂಚಿನದಾದರೆ? ಇತ್ತ 3200ರ ವೇಗದ ಎರಡು ಡಿಡಿಆರ್4 ರ‍್ಯಾಮ್ ಪಟ್ಟಿಗಳನ್ನು ಜೋಡಿಯಾಗಿ ಹಾಕಿದ ಸಾಮಾನ್ಯ ಯಂತ್ರದ ದಾರಿ ಸೆಕೆಂಡಿಗೆ 51.2 ಜಿಬಿ. ಅದನ್ನು ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಹಂಚಿಕೊಳ್ಳಬೇಕು, ನಿಜ. ಹಂಚಿಕೊಂಡ ಮೇಲೂ ಎಷ್ಟೋ ಮಿಗುತ್ತದೆ.

ಜಿಟಿ 1030 ಇನ್ನೂ ಸೊಗಸಾದ ಉದಾಹರಣೆ. 2017ರ ಮೇ ತಿಂಗಳಲ್ಲಿ ಬಂದಾಗ ಅದರಲ್ಲಿ ಜಿಡಿಡಿಆರ್5 ಮೆಮೊರಿ ಇತ್ತು, ವೇಗ ಸೆಕೆಂಡಿಗೆ 48 ಜಿಬಿ, ಅಗ್ಗದ ಕಾರ್ಡುಗಳಲ್ಲಿ ಮರ್ಯಾದಸ್ಥ. ಮರುವರ್ಷ ಅದೇ ಹೆಸರಿನಲ್ಲಿ ಡಿಡಿಆರ್4 ಮೆಮೊರಿಯದು ಬಂತು, ವೇಗ 16.8 ಜಿಬಿ. ಮೂರನೇ ಒಂದು ಪಾಲು! ಡಬ್ಬಿಯ ಮೇಲೆ ಎರಡಕ್ಕೂ ‘ಜಿಟಿ 1030, 2 ಜಿಬಿ’. ಹೀಗಿರುವಾಗ ‘ಟೂ ಜಿಬಿ ಕಾರ್ಡ್ ಕೊಡಿ’ ಎಂದು ಕೇಳುವವನಿಗೆ ಏನು ಸಿಗುತ್ತದೆಂದು ಬೇರೆ ಹೇಳಬೇಕೆ?

ಎದುರುವಾದಿಗಳ ಬತ್ತಳಿಕೆಯಲ್ಲಿ ಒಂದು ಗಟ್ಟಿ ಬಾಣವಿದೆ. ವ್ಯಾಲರಂಟ್ ತಯಾರಕರೇ 60 ಫ್ರೇಮಿಗೆ ಶಿಫಾರಸು ಮಾಡುವ ಪಟ್ಟಿಯಲ್ಲಿ ಜಿಟಿ 730ರ ಹೆಸರಿದೆ. ಸರಿ. ಆದರೆ ಅದೇ ಪಟ್ಟಿಯ ಕನಿಷ್ಠ ಸಾಲಿನಲ್ಲಿ ಇಂಟೆಲ್‌ನ ಎಚ್‌ಡಿ 4000 ಕೂಡ ಇದೆ, ಅದು 2012ರ ಪ್ರೊಸೆಸರಿನೊಳಗಿನ ಗ್ರಾಫಿಕ್ಸ್. ಆ ಪಟ್ಟಿ ಹೇಳುತ್ತಿರುವುದು ವ್ಯಾಲರಂಟ್ ಎಷ್ಟು ಹಗುರ ಎಂಬುದನ್ನೇ ಹೊರತು ಕಾರ್ಡ್ ಎಷ್ಟು ಗಟ್ಟಿ ಎಂಬುದನ್ನಲ್ಲ. 5600ಜಿ ಮೇಲೆ, ಜೋಡಿ ರ‍್ಯಾಮಿನೊಂದಿಗೆ, 1080ಪಿ ಪರದೆಯಲ್ಲಿ, ಕಡಿಮೆ ಸೆಟ್ಟಿಂಗಿನಲ್ಲಿ ವ್ಯಾಲರಂಟ್ ನೂರು ಫ್ರೇಮ್ ದಾಟುತ್ತದೆ. ಜಿಟಿಎ 5 ಸಾಮಾನ್ಯ ಸೆಟ್ಟಿಂಗಿನಲ್ಲಿ 60ರ ಆಸುಪಾಸು ಓಡುತ್ತದೆ. ಈ ಬಜೆಟ್ಟಿನಲ್ಲಿ ಕೊಳ್ಳುವ ಮಾನಿಟರಿಗೆ ಅದಕ್ಕಿಂತ ಹೆಚ್ಚು ತೋರಿಸುವ ತಾಕತ್ತೂ ಅಷ್ಟಕ್ಕಷ್ಟೇ.

ಇನ್ನು ಐ7ರ ಮಹಿಮೆ. ಅಗ್ಗದ ಗೇಮಿಂಗ್ ಸೆಟ್ಟುಗಳಲ್ಲಿ ಸಿಗುವ ಐ7 ಸಾಮಾನ್ಯವಾಗಿ 2011ರ ಐ7-2600 ಅಥವಾ 2012ರ ಐ7-3770. ಕಚೇರಿಗಳಿಂದ ಹೊರಬಿದ್ದ ಪ್ರೊಸೆಸರನ್ನು ಹೊಸದಾಗಿ ತಯಾರಾದ ಅಗ್ಗದ ಎಚ್61 ಬೋರ್ಡಿನ ಮೇಲೆ ಕೂರಿಸಿ, ಪಕ್ಕದಲ್ಲಿ ಜಿಟಿ 730 ಸಿಕ್ಕಿಸಿ, ಕ್ಯಾಬಿನೆಟ್ಟಿಗೆ ಬಣ್ಣದ ದೀಪ ಹಾಕಿದರೆ ‘ಗೇಮಿಂಗ್ ಪಿಸಿ’ ಸಿದ್ಧ. ತನ್ನ ಕಾಲದಲ್ಲಿ ಐ7-2600 ಅದ್ಭುತವೇ ಹೌದು. ಆದರೆ 2022ರ ಐ3-12100ಕ್ಕೂ ಅಷ್ಟೇ ನಾಲ್ಕು ಕೋರ್, ಅಷ್ಟೇ ಎಂಟು ಥ್ರೆಡ್. ಒಂದೊಂದು ಕೋರಿನ ವೇಗ ಮಾತ್ರ ಹೆಚ್ಚುಕಡಿಮೆ ಇಮ್ಮಡಿ. ಏಳು ಮೂರಕ್ಕಿಂತ ದೊಡ್ಡದು ಎಂಬ ಒಂದನೇ ತರಗತಿಯ ಗಣಿತ ಇಲ್ಲಿ ಕೆಲಸಕ್ಕೆ ಬಾರದು.

ವೇಗಕ್ಕಿಂತ ದೊಡ್ಡ ತೊಡಕು ಬೇರೆಯೇ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಇಂಟೆಲ್‌ನ ಎಂಟನೇ ಜನರೇಶನ್ನಿನಿಂದ ಈಚೆಗಿನ ಪ್ರೊಸೆಸರುಗಳನ್ನು, ಅದೂ ಟಿಪಿಎಂ 2.0 ಇದ್ದರೆ. ಎರಡನೇ, ಮೂರನೇ ಜನರೇಶನ್ನಿನ ಐ7ಗೆ ಅಂಗಡಿಯವರು ಪರೀಕ್ಷೆ ತಪ್ಪಿಸಿ ವಿಂಡೋಸ್ 11 ಹಾಕಿಕೊಡುತ್ತಾರೆ. ಮೊದಲ ದಿನ ಎಲ್ಲ ಚೆಂದ ಕಾಣುತ್ತದೆ. ಮನೆಗೆ ಹೋಗಿ ವ್ಯಾಲರಂಟ್ ಇನ್‌ಸ್ಟಾಲ್ ಮಾಡಿದರೆ, ವಿಂಡೋಸ್ 11ರಲ್ಲಿ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಇಲ್ಲದೆ ಅದರ ಕಾವಲುಗಾರ ತಂತ್ರಾಂಶ ಆಟವನ್ನೇ ತೆರೆಯಗೊಡುವುದಿಲ್ಲ. ಆಡಬೇಕೆಂದರೆ ಬೆಂಬಲ ಕಳೆದುಕೊಂಡ ವಿಂಡೋಸ್ 10ಕ್ಕೆ ವಾಪಸು. ಯಾವ ಆಟಕ್ಕಾಗಿ ಯಂತ್ರ ಕೊಂಡರೋ ಅದೇ ಆಟ ಬಾಗಿಲಲ್ಲಿ ತಡೆದು ನಿಲ್ಲಿಸುತ್ತದೆ. ಗಾಜಿನೊಳಗಿನ ದೀಪಗಳು ಉರಿಯುತ್ತಲೇ ಇರುತ್ತವೆ, ಪಾಪ.

ಸೆಕೆಂಡ್ ಹ್ಯಾಂಡ್ ಮಾರುಕಟ್ಟೆ ಬಲ್ಲವರು ಇಲ್ಲಿ ಅಡ್ಡ ಬರುತ್ತಾರೆ: ಜಿಟಿ 730 ಯಾಕೆ, ಆರ್‌ಎಕ್ಸ್ 580 ಹಳೆಯದು ಅಗ್ಗಕ್ಕೆ ಸಿಗುತ್ತದಲ್ಲ? ಸಿಗುತ್ತದೆ. ಉಳಿದ ವಾದಗಳಿಗಿಂತ ಇದಕ್ಕೆ ತೂಕವೂ ಹೆಚ್ಚು, ಏಕೆಂದರೆ 5600ಜಿ ಗ್ರಾಫಿಕ್ಸಿಗಿಂತ ಒಳ್ಳೆಯ ಸ್ಥಿತಿಯ ಆರ್‌ಎಕ್ಸ್ 580 ಖಂಡಿತ ವೇಗದ್ದು. ಆದರೆ ಕೊಳ್ಳುವವನು ಪಿಯುಸಿ ಹುಡುಗ ಮತ್ತು ಅವನ ಅಪ್ಪ ಎಂಬುದನ್ನು ಮರೆಯಬಾರದು. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ಎಂಬ ಕ್ರಿಪ್ಟೊ ಜಾಲ ತನ್ನ ಪದ್ಧತಿ ಬದಲಿಸಿ ಅದರ ಮೈನಿಂಗ್ ನಿಂತ ಮೇಲೆ, ಆ ಕೆಲಸದಲ್ಲಿ ಹಗಲೂರಾತ್ರಿ ಬೆಂದ ಕಾರ್ಡುಗಳು ರಾಶಿರಾಶಿಯಾಗಿ ಮಾರುಕಟ್ಟೆಗೆ ಬಂದವು. ಆರ್‌ಎಕ್ಸ್ 580 ಎಂಬ ಹೆಸರಿನಲ್ಲೇ ‘2048ಎಸ್‌ಪಿ’ ಎಂಬ ಇನ್ನೊಂದು ಕಾರ್ಡ್ 2018ರಲ್ಲಿ ಚೀನಾದ ಮಾರುಕಟ್ಟೆಗೆಂದು ಬಂದಿತ್ತು. ನಿಜವಾದ 580ರಲ್ಲಿ 2304 ಶೇಡರ್ ಘಟಕ, ಇದರಲ್ಲಿ 2048, ಅಂದರೆ ಆರ್‌ಎಕ್ಸ್ 570ರಷ್ಟೇ. ಇನ್ನು ಪೂರಾ ನಕಲಿಗಳ ಕತೆ ಬೇರೆ. ಹಳೆಯ ಚಿಪ್ಪಿಗೆ ಬಯಾಸ್ ತಿದ್ದಿ ಹೊಸ ಹೆಸರು ಹೇಳಿಸುವ ಕಾರ್ಡುಗಳು ಎಷ್ಟು ಹೆಚ್ಚಿದವೆಂದರೆ, ಜಿಪಿಯು-ಝಡ್ ಎಂಬ ಪರೀಕ್ಷಕ ತಂತ್ರಾಂಶಕ್ಕೆ 2018ರಲ್ಲಿ ನಕಲಿ ಎನ್‌ವಿಡಿಯಾ ಕಾರ್ಡನ್ನು ಗುರುತಿಸುವ ಸೌಲಭ್ಯವನ್ನೇ ಸೇರಿಸಬೇಕಾಯಿತು. ಇದೆಲ್ಲ ಗೊತ್ತಿದ್ದು, ಅಂಗಡಿಯಲ್ಲೇ ಅರ್ಧ ಗಂಟೆ ಓಡಿಸಿ ನೋಡಿ ಕೊಳ್ಳುವವರು ಕೊಳ್ಳಲಿ. ಅಂಥವರಿಗೆ ಯಾರ ಸಲಹೆಯೂ ಬೇಕಿಲ್ಲ.

ಹೊಸದೇ ಬೇಕೆಂದು ಸ್ವಲ್ಪ ಮೇಲಕ್ಕೆ ಹೋದರೂ ಗುಂಡಿ ತಪ್ಪುವುದಿಲ್ಲ. 2022ರ ಜನವರಿಯಲ್ಲಿ ಬಂದ ಆರ್‌ಎಕ್ಸ್ 6500 ಎಕ್ಸ್‌ಟಿ ಸ್ಲಾಟಿನ ಹದಿನಾರು ದಾರಿಗಳಲ್ಲಿ ಬಳಸುವುದು ನಾಲ್ಕನ್ನು ಮಾತ್ರ. ಪಿಸಿಐಇ 4.0 ಬೋರ್ಡಿನಲ್ಲಿ ಅದು ಹೇಗೋ ಸಾಲುತ್ತದೆ, ಹಳೆಯ ಬೋರ್ಡಿಗೆ ಹಾಕಿದರೆ ಉಸಿರುಗಟ್ಟುತ್ತದೆ. ಹಳೆಯ ಯಂತ್ರಕ್ಕೆ ಹೊಸ ಜೀವ ತುಂಬಲು ಇದನ್ನು ಕೊಳ್ಳುವವರಿಗೇ ಇದು ಕೈಕೊಡುವುದು ವಿಚಿತ್ರ.

ಕಾರ್ಡಿನ ವ್ಯಾಮೋಹಕ್ಕೆ ಮೊದಲ ಬಲಿ ಎಸ್‌ಎಂಪಿಎಸ್. ಅದು ಆಟದಲ್ಲಿ ಕಾಣುವುದಿಲ್ಲವಲ್ಲ. ಕ್ಯಾಬಿನೆಟ್ ಜೊತೆಗೇ ‘ಫ್ರೀ’ ಬರುವ ಲೋಕಲ್ ಎಸ್‌ಎಂಪಿಎಸ್‌ನ ಪಕ್ಕೆಯಲ್ಲಿ ಒಂದು ಸ್ಟಿಕ್ಕರ್ ಇರುತ್ತದೆ. ಮೇಲೆ ದಪ್ಪಕ್ಷರದಲ್ಲಿ 450 ವ್ಯಾಟ್. ಕೆಳಗೆ ಪುಟ್ಟ ಕೋಷ್ಟಕ: 3.3 ವೋಲ್ಟ್, 5 ವೋಲ್ಟ್, 12 ವೋಲ್ಟ್, ಒಂದೊಂದರ ಕೆಳಗೆ ಇಷ್ಟು ಆಂಪಿಯರ್ ಎಂದು. ಇಂದಿನ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಶಕ್ತಿ ಹೀರುವುದು 12 ವೋಲ್ಟಿನ ತಂತಿಯಿಂದ. ಅದರ ಕೆಳಗೆ 14 ಎಂದಿದ್ದರೆ, ಹನ್ನೆರಡು ಹದಿನಾಲ್ಕಲಿ ನೂರ ಅರವತ್ತೆಂಟು. ಅಷ್ಟೇ ವ್ಯಾಟ್, ಅದೂ ಸ್ಟಿಕ್ಕರ್ ನಿಜ ಹೇಳುತ್ತಿದ್ದರೆ. ಆರ್‌ಎಕ್ಸ್ 580 ಒಂದಕ್ಕೇ 185 ವ್ಯಾಟ್ ಬೇಕು. ಕಾರ್ಡಿಗೆ ಬೇಕಾದ ಕನೆಕ್ಟರ್ ಇಂಥ ಎಸ್‌ಎಂಪಿಎಸ್‌ನಲ್ಲಿ ಇರುವುದೇ ಇಲ್ಲ. ಹಾರ್ಡ್ ಡಿಸ್ಕಿನ ಹಳೆಯ ಮೋಲೆಕ್ಸ್ ಪಿನ್ನಿಗೆ ಕನ್ವರ್ಟರ್ ಸಿಕ್ಕಿಸಿ ‘ನಡೆಯುತ್ತೆ ಸಾರ್’ ಎನ್ನುತ್ತಾರೆ. ನಡೆಯುತ್ತದೆ, ವೈರ್ ಬಿಸಿಯಾಗುವವರೆಗೆ. ಕಾರ್ಡಿಲ್ಲದ 5600ಜಿ ಯಂತ್ರ ಪೂರ್ತಿ ದುಡಿಯುವಾಗಲೂ 150 ವ್ಯಾಟ್ ದಾಟುವುದು ಕಷ್ಟ. 80 ಪ್ಲಸ್ ಮುದ್ರೆಯ ಹೆಸರುಳ್ಳ 450 ವ್ಯಾಟಿನ ಎಸ್‌ಎಂಪಿಎಸ್ ಅದಕ್ಕೆ ಧಾರಾಳ. ಕರೆಂಟು ಹೋದಾಗ ಮನೆಯ 600 ವಿಎ ಯುಪಿಎಸ್ ಕೂಡ ಕಿರುಚದೆ ಹೊರುತ್ತದೆ.

ಎರಡನೇ ಬಲಿ ರ‍್ಯಾಮ್. ‘ಒಂದು ಎಂಟು ಜಿಬಿ ಹಾಕ್ತೀನಿ ಸಾರ್, ಇನ್ನೊಂದು ಸ್ಲಾಟ್ ಖಾಲಿ ಇರ್ಲಿ, ಮುಂದೆ ಬೇಕಾದ್ರೆ ಹಾಕ್ಸಿ.’ ಖಾಲಿ ಇಡಬೇಕಾದ ಸ್ಲಾಟನ್ನು ತುಂಬಿ, ತುಂಬಬೇಕಾದ ಸ್ಲಾಟನ್ನು ಖಾಲಿ ಬಿಡುವ ಈ ಪದ್ಧತಿಯೇ ಇಡೀ ಗೊಂದಲದ ತಿರುಳು. ಒಳಗಿನ ಗ್ರಾಫಿಕ್ಸಿಗೆ ಸ್ವಂತ ಮೆಮೊರಿ ಇಲ್ಲ, ರ‍್ಯಾಮೇ ಅದರ ಅನ್ನ. ಒಂದೇ ಪಟ್ಟಿ ಹಾಕಿದರೆ 51.2 ಜಿಬಿಯ ದಾರಿ 25.6ಕ್ಕೆ ಕುಸಿಯುತ್ತದೆ, ಫ್ರೇಮುಗಳೂ ಜೊತೆಗೇ ಕುಸಿಯುತ್ತವೆ. ಆಮೇಲೆ ‘ನೋಡಿ, ಕಾರ್ಡಿಲ್ಲದೆ ಆಗಲ್ಲ ಅಂತ ಹೇಳಿದ್ದೆ’ ಎಂದು ಅದೇ ಅಂಗಡಿಯಲ್ಲಿ ಉಪದೇಶ! ಎಂಟು ಮತ್ತು ಎಂಟು, ಎರಡು ಪಟ್ಟಿ. ನಾಲ್ಕು ಸ್ಲಾಟಿನ ಬೋರ್ಡಾದರೆ ಪ್ರೊಸೆಸರಿನಿಂದ ಎರಡನೆಯದು ಮತ್ತು ನಾಲ್ಕನೆಯದು. ಬಯಾಸಿನಲ್ಲಿ ಎಕ್ಸ್‌ಎಂಪಿ ಎಂಬ ರ‍್ಯಾಮ್ ವೇಗದ ಸೆಟ್ಟಿಂಗ್ ಚಾಲೂ ಮಾಡದಿದ್ದರೆ 3200ರ ರ‍್ಯಾಮ್ ಎಷ್ಟೋ ಬಾರಿ 2133 ಅಥವಾ 2400ರಲ್ಲೇ ಕುಂಟುತ್ತದೆ ಎಂಬುದನ್ನೂ ಬಹಳ ಅಂಗಡಿಗಳು ಹೇಳುವುದಿಲ್ಲ. ಎಸ್‌ಎಸ್‌ಡಿ ಬಗ್ಗೆ ಈಗ ಯಾರಿಗೂ ತಕರಾರಿಲ್ಲ. 256 ಜಿಬಿ ಮಾತ್ರ ಸಾಲದು, ಕೌಂಟರ್-ಸ್ಟ್ರೈಕ್ 2 ಒಂದೇ 85 ಜಿಬಿ ಜಾಗ ಕೇಳುತ್ತದೆ.

ರೂಪಾಯಿ ಲೆಕ್ಕ ಇಲ್ಲಿ ಕೊಡದಿರುವುದಕ್ಕೆ ಕಾರಣವಿದೆ. 2025ರ ಕೊನೆಯ ತಿಂಗಳುಗಳಿಂದ ಎಐ ಡೇಟಾ ಸೆಂಟರುಗಳ ಹಸಿವಿಗೆ ಮೆಮೊರಿ ಚಿಪ್ಪುಗಳೆಲ್ಲ ಅತ್ತ ಹರಿದು, ರ‍್ಯಾಮ್ ಬೆಲೆ ಗಗನಕ್ಕೇರಿದೆ. ಮೈಕ್ರಾನ್ ಕಂಪನಿ ಜನಸಾಮಾನ್ಯರಿಗೆ ಮಾರುತ್ತಿದ್ದ ತನ್ನ ಕ್ರೂಷಿಯಲ್ ವ್ಯವಹಾರವನ್ನೇ ಮುಚ್ಚುವುದಾಗಿ ಆ ವರ್ಷದ ಡಿಸೆಂಬರಿನಲ್ಲಿ ಪ್ರಕಟಿಸಿತು. ಇಂಥ ಹೊತ್ತಲ್ಲಿ ಡಿಡಿಆರ್5 ಬೇಡುವ ರೈಜೆನ್ 5 8600ಜಿ ಎಷ್ಟೇ ವೇಗದ್ದಾಗಿದ್ದರೂ ಬಡವರ ಪಾಲಿಗೆ ದೂರ. ಹಾಗೆಂದೇ ಜಿಟಿ 710ಕ್ಕೆ ಸುರಿಯುವ ಒಂದೊಂದು ರೂಪಾಯಿಯೂ ಈಗ ಹಿಂದಿಗಿಂತ ಹೆಚ್ಚು ದಂಡ. ಆ ದುಡ್ಡಿಗೆ ಎರಡನೇ ರ‍್ಯಾಮ್ ಪಟ್ಟಿ ಕಾದು ಕೂತಿದೆ.

ಈ ವಾದಕ್ಕೂ ಎಲ್ಲೆಗಳಿವೆ. ಇಂಟೆಲ್‌ನ ಯುಎಚ್‌ಡಿ 730ರಂಥ ಗ್ರಾಫಿಕ್ಸಿಗೆ ಇದು ಅನ್ವಯಿಸದು, ಅದು ವೇಗಾ 7ಕ್ಕಿಂತ ಬಹಳ ಹಿಂದೆ. ರೈಜೆನ್ 5 5500 ಎಂದು ಕೊಟ್ಟರೆ ಅದರಲ್ಲಿ ಗ್ರಾಫಿಕ್ಸೇ ಇಲ್ಲ, ಕೊನೆಯ ‘ಜಿ’ ಅಕ್ಷರ ನೋಡಿಕೊಳ್ಳಬೇಕು. ಇಂಟೆಲ್‌ನಲ್ಲಿ ಕೊನೆಯ ‘ಎಫ್’ ಕಂಡರೂ ಅದೇ ಕತೆ. ಆರ್‌ಎಕ್ಸ್ 6600 ಮಟ್ಟದ ಕಾರ್ಡಿಗೂ ಅದಕ್ಕೆ ತಕ್ಕ ಎಸ್‌ಎಂಪಿಎಸ್‌ಗೂ ದುಡ್ಡಿದ್ದರೆ ಧಾರಾಳವಾಗಿ ಕೊಳ್ಳಲಿ, ಆಗ ‘ಎಫ್’ ಪ್ರೊಸೆಸರೇ ಜಾಣತನ. ಆರ್‌ಟಿಎಕ್ಸ್ 3050 ಎಂದರೆ 8 ಜಿಬಿಯದೋ 2024ರ 6 ಜಿಬಿಯದೋ ಎಂದು ಕೇಳಿಕೊಳ್ಳಲಿ. ಅಲ್ಲೂ ಹೆಸರು ಒಂದೇ, ಒಳಗಿನ ಕೋರುಗಳು ಕಮ್ಮಿ. ಖಂಡಿಸಬೇಕಾದ್ದು ಕಾರ್ಡುಗಳನ್ನಲ್ಲ, ‘ಯಾವುದೋ ಒಂದು ಇರಲಿ’ ಎಂಬ ಧೋರಣೆಯನ್ನು.

ಅಂಗಡಿಯವರನ್ನೇ ದೂರಿಯೂ ಫಲವಿಲ್ಲ. ‘ಕಾರ್ಡ್ ಬೇಡ ಸಾರ್’ ಎಂದು ನಿಜ ಹೇಳಿದವನನ್ನು ಬಿಟ್ಟು ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಅಲ್ಲಿ ದೀಪ ಹೆಚ್ಚು ಉರಿಯುತ್ತಿರುತ್ತದೆ.

ಕೊನೆಗುಳಿಯುವ ಆಕ್ಷೇಪ ಒಂದೇ: ಮುಂದೊಂದು ದಿನ ಒಳ್ಳೆಯ ಕಾರ್ಡ್ ಹಾಕಿಸಿದರೆ 5600ಜಿಗೆ ಕೊಟ್ಟ ದುಡ್ಡು ವ್ಯರ್ಥವಲ್ಲವೇ? ಅದರಲ್ಲಿ ಎಲ್3 ಕ್ಯಾಶ್ 16 ಎಂಬಿ, ಸಾದಾ 5600ರಲ್ಲಿ 32 ಎಂಬಿ. ಪಿಸಿಐಇ ಕೂಡ 3.0 ಮಾತ್ರ. ಹೀಗಾಗಿ ದೊಡ್ಡ ಕಾರ್ಡ್ ಹಾಕಿದರೆ ಕೆಲವು ಫ್ರೇಮ್ ಹೋಗುವುದು ಖರೆ. ಆರ್‌ಎಕ್ಸ್ 6600 ಮಟ್ಟದಲ್ಲಿ ಹಗುರ ಆಟಗಳಲ್ಲಿ ಆ ನಷ್ಟ ಕಣ್ಣಿಗೆ ಕಾಣುವಂಥದ್ದಲ್ಲ. ಸಾಲದೆನಿಸಿದರೆ 5600ಜಿ ಕೂತ ಅದೇ ಎಎಂ4 ಬೋರ್ಡಿನ ಮೇಲೆ, ಬಯಾಸ್ ಅಪ್‌ಡೇಟ್ ಮಾಡಿ, ಎಂಟು ಕೋರಿನ ಪ್ರೊಸೆಸರ್ ಕೂರಿಸಬಹುದು. ಕಾರ್ಡ್ ಕೆಟ್ಟು ವಾರಂಟಿಗೆ ಹೋಯಿತೆನ್ನಿ; ಅದು ಸರ್ವೀಸ್ ಸೆಂಟರಿನಿಂದ ಬರುವ ತನಕ ‘ಎಫ್’ ಪ್ರೊಸೆಸರಿನ ಯಂತ್ರದ ಪರದೆ ಕಪ್ಪಾಗಿಯೇ ಇರುತ್ತದೆ. 5600ಜಿ ಇದ್ದವರು ಮಾನಿಟರಿನ ವೈರನ್ನು ಕೆಳಗಿನ ಪೋರ್ಟಿನಿಂದ ಕಿತ್ತು ಮದರ್‌ಬೋರ್ಡಿನ ಪೋರ್ಟಿಗೆ ಚುಚ್ಚಿ, ಸೆಟ್ಟಿಂಗ್ ಸ್ವಲ್ಪ ಇಳಿಸಿ, ಆಟ ಮುಂದುವರಿಸುತ್ತಾರೆ.